ಡ್ರೆಸ್ಸಿಂಗ್ ರೂಮಿನ ಸಮ್ಮೋಹನ ತಜ್ಞ

ಮುಂಬಯಿಯ ಆಸ್ಪತ್ರೆಗಳಲ್ಲಿ ವಾರ್ಡ್‌ಬಾಯ್‌ಗಳನ್ನೆಲ್ಲ ಮಾಮಾ ಎಂದೂ ಆಯಾಗಳನ್ನೆಲ್ಲ ಮಾವಶಿ ಎಂದೂ ಕರೆಯುವುದು ರೂಢಿ. ಹೀಗಾಗಿ ಪರೇಲ್‌ನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಅಣವೀರಪ್ಪನವರು ಇಪ್ಪತ್ತಾರು ವರ್ಷಗಳಿಂದ ಸಾವಿರಾರು ಜನರಿಗೆ ಮಾಮಾ. ನಿಜವಾಗಿ ಅವರಿಗೆ ಒಬ್ಬ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ನನ್ನ ಕೇಸ್‌ಪೇಪರ್ ಇನ್ನೂ ಅಲ್ಲೇ ಇದೆ.

ಇಂಡಿ ತಾಲೂಕಿನ ಕಡೆಯವರು. ಎತ್ತರದ ಆಳು, ದಪ್ಪ ಮೀಸೆ, ಮಾತು ಮಾತ್ರ ಬೆಣ್ಣೆ. ಅವರು ಕೆಲಸ ಮಾಡುವ ಡ್ರೆಸ್ಸಿಂಗ್ ರೂಮಿನಲ್ಲಿ ಕೈ ಸಿಸ್ಟರ್ ಅನುರಾಧಾ ಅವರದು, ಬಾಯಿ ಮಾಮಾ ಅವರದು. ಗಾಯಕ್ಕೆ ಕಚ್ಚಿಕೊಂಡ ಹಳೆಯ ಬಟ್ಟೆಯನ್ನು ಸಿಸ್ಟರ್ ಬಿಡಿಸಲು ತೊಡಗುವ ಹೊತ್ತಿಗೆ ಮಾಮಾ ರೋಗಿಯ ತಲೆಯ ಬಳಿ ಸ್ಟೂಲು ಎಳೆದುಕೊಂಡು ಕೂರುತ್ತಾರೆ. ಕೇಳುವುದು ಒಂದೇ ಪ್ರಶ್ನೆ.

"ನಿಮ್ಮೂರ ಬಸ್ ಸ್ಟ್ಯಾಂಡಿನಾಗ ನಾ ಇಳಿದೆ ಅಂತ ತಿಳೀರಿ. ಅಲ್ಲಿಂದ ನಿಮ್ಮ ಮನೀಗೆ ಹ್ಯಾಂಗ ಬರೂದು?"

ಇದನ್ನೇ ಅವರು ಹಿಂದಿಯಲ್ಲಿ, ಮರಾಠಿಯಲ್ಲಿ, ಅಗತ್ಯ ಬಿದ್ದರೆ ಕೈಸನ್ನೆಯಲ್ಲಿಯೂ ಕೇಳುತ್ತಾರೆ. ಮುಂಬಯಿಯಲ್ಲಿ ಯಾರನ್ನು ಮುಟ್ಟಿದರೂ ಅವರಿಗೆ ಇನ್ನೊಂದು ಊರಿರುತ್ತದೆ. ಕಾಲು ಸುಟ್ಟುಕೊಂಡ ಬಿಹಾರದ ಗಾರೆ ಕೆಲಸದವನು ಹಲ್ಲು ಕಚ್ಚಿಕೊಂಡೇ ಶುರು ಮಾಡುತ್ತಾನೆ: ಇಳಿದ ಕೂಡಲೇ ಮಿಠಾಯಿ ಅಂಗಡಿ, ಅದರ ಪಕ್ಕ ಓಣಿ. ಮಾಮಾ ಅವನನ್ನು ಸುಮ್ಮನೆ ಹೋಗಲು ಬಿಡುವುದಿಲ್ಲ. ಓಣಿ ಎಡಕ್ಕೋ ಬಲಕ್ಕೋ? ಬಾವಿ ಬೇವಿನ ಮರಕ್ಕಿಂತ ಮೊದಲೋ ಆಮೇಲೋ? ಆ ಮನೆಯ ನಾಯಿ ಕಚ್ಚುತ್ತದೋ ಬರೀ ಬೊಗಳುತ್ತದೋ? ಆ ಮನುಷ್ಯ ಕಣ್ಣು ಮುಚ್ಚಿ ನಾಯಿಯನ್ನು ನೆನಪು ಮಾಡಿಕೊಳ್ಳುತ್ತಿರುವಾಗ ಇತ್ತ ಸಿಸ್ಟರ್ ತಮ್ಮ ಕೆಲಸ ಮುಗಿಸಿ ಪಟ್ಟಿ ಸುತ್ತಿರುತ್ತಾರೆ. ಒಬ್ಬಾತ ಮನೆ ತಲುಪಿ, "ಬನ್ನಿ ಮಾಮಾ, ಚಾ ಕುಡಿದು ಹೋಗಿ" ಎಂದ ಮೇಲೇ ಕಣ್ಣು ತೆರೆದನಂತೆ. "ಸಕ್ರಿ ಕಡಿಮಿ ಹಾಕ್ರಿ" ಎಂದು ಮಾಮಾ ಉತ್ತರ ಕೊಟ್ಟಿದ್ದರು.

ನನಗೆ ಅವರ ಪರಿಚಯವಾದದ್ದು ಮೂರು ವರ್ಷದ ಹಿಂದೆ, ಹಿಮ್ಮಡಿಯ ಕುರುವಿನ ಮೂಲಕ. ನಾನು ವಿಮಾ ಕಚೇರಿಯೊಂದರ ಗುಮಾಸ್ತ. ನೋವೆಂದರೆ ನನಗೆ ಆಗದು. ಬೇರೆಯವರ ಇಂಜೆಕ್ಷನ್ ನೋಡಿ ನಾನು ಕೂತುಕೊಂಡದ್ದಿದೆ.

"ನಿಮ್ಮೂರು ಯಾವುದ್ರಿ?" ಎಂದರು ಮಾಮಾ.

"ಸಯನ್."

"ಅಲ್ರೀ, ಮೂಲ ಊರು?"

"ಅಪ್ಪ ಉಡುಪಿ ಹತ್ತಿರದವರು. ನಾನು ಹುಟ್ಟಿದ್ದು, ಓದಿದ್ದು, ಮದುವೆ ಆದದ್ದು ಎಲ್ಲ ಸಯನ್‌ನಲ್ಲೇ."

"ಆತು, ಸಯನ್ ಬಸ್ ಸ್ಟಾಪಿಂದನ ಹೇಳ್ರಿ."

"ಬ್ರಿಜ್ ದಾಟಿದರೆ ನಮ್ಮ ಬಿಲ್ಡಿಂಗ್."

ಅಷ್ಟಕ್ಕೆ ದಾರಿ ಮುಗಿಯಿತು. ಸಿಸ್ಟರ್ ಆಗಷ್ಟೇ ಕತ್ತರಿ ಎತ್ತಿಕೊಂಡಿದ್ದರು. ಮುಂದೆ ನಾನು ಹಾಕಿದ ಕೂಗಿಗೆ ಹೊರಗೆ ಸಾಲಿನಲ್ಲಿದ್ದ ಇಬ್ಬರು ತಮ್ಮ ಗಾಯ ವಾಸಿಯಾಗಿದೆಯೆಂದು ಹೇಳಿ ಮನೆಗೆ ಹೋದರಂತೆ. ಮಾಮಾ ಬೆವರು ಒರೆಸಿಕೊಂಡು, "ಇಷ್ಟು ವರ್ಷದಾಗ ನನ್ನ ಸೋಲಿಸಿದವ್ರು ನೀವೊಬ್ರ ನೋಡ್ರಿ ಸರ" ಎಂದರು. ಆ ಸೋಲಿನಿಂದಲೇ ನಮಗೆ ಸ್ನೇಹ ಬೆಳೆಯಿತು.

ಕಳೆದ ವರ್ಷ ಆಸ್ಪತ್ರೆಗೆ ಹೊಸ ಆಡಳಿತಾಧಿಕಾರಿ ಬಂದರು. ಅವರ ಬಳಿ ಒಂದು ಸ್ಟಾಪ್‌ವಾಚ್ ಇತ್ತು. ಯಾರು ಎಷ್ಟು ನಿಮಿಷ ಏನು ಮಾಡುತ್ತಾರೆಂದು ಅಳೆಯುತ್ತ ಅವರು ಎಲ್ಲ ವಿಭಾಗ ಸುತ್ತಿದರು. ಡ್ರೆಸ್ಸಿಂಗ್ ರೂಮಿನಲ್ಲಿ ಒಂದು ಇಡೀ ಬೆಳಗ್ಗೆ ಕೂತು, ಈ ನೌಕರ ಕೆಲಸಕ್ಕೆ ಸಂಬಂಧವಿಲ್ಲದ ಮಾತಲ್ಲದೆ ಬೇರೇನೂ ಮಾಡುವುದಿಲ್ಲ ಎಂದು ಬರೆದುಕೊಂಡು ಹೋದರು. ವಾರದೊಳಗೆ ಆದೇಶ ಬಂತು: ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಅಣವೀರಪ್ಪ ನೆಲಮಾಳಿಗೆಯ ರೆಕಾರ್ಡ್ ರೂಮಿಗೆ.

ಅವರು ಆದೇಶ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಕಾರಣ, ನಾನು ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಹಾಸ್ಯ ಬರೆಯುತ್ತೇನೆ. ಓದಿ ನಕ್ಕವರ ದಾಖಲೆ ಇಲ್ಲ. ಆದರೂ ಬರೆಯುವವನೆಂಬ ಹೆಸರು ಬಿದ್ದಿರುವುದರಿಂದ ಸುತ್ತಲಿನ ಕನ್ನಡಿಗರ ಅರ್ಜಿಗಳೆಲ್ಲ ನನ್ನ ಮೇಜಿಗೇ ಬರುತ್ತವೆ.

"ಪಗಾರ ಅಷ್ಟ ಐತ್ರಿ. ಭಾರ ಎತ್ತೂದಿಲ್ಲ, ರಕ್ತಾ ನೋಡೂದಿಲ್ಲ, ಫ್ಯಾನೂ ಐತಿ," ಎಂದರು ಮಾಮಾ.

"ಮತ್ತೆ ಎಂತ ತೊಂದರೆ ಮಾರಾಯ್ರೆ?" ಎಂದಳು ನನ್ನ ಹೆಂಡತಿ ವಿನೋದಿನಿ, ಚಾ ಇಡುತ್ತ.

ಮಾಮಾ ಬಿಸ್ಕತ್ತನ್ನು ಚಾದಲ್ಲಿ ಅದ್ದಿದರು. "ಫೈಲಿಗೆ ಯಾವ ಊರ್ರಿ ವೈನೀ? ಅವುಕ್ಕ ಏನಂತ ಕೇಳ್ಲಿ? ಇನ್ನ ಎರಡ ವರ್ಷ ಸರ್ವಿಸ್ ಐತಿ. ಮಂದಿ ಮಾರಿ ನೋಡಕೋತ ಮುಗಿಸೂಣು ಅಂದಿದ್ದೆ."

ವಿನೋದಿನಿ ಅವರ ತಟ್ಟೆಗೆ ಇನ್ನೆರಡು ಬಿಸ್ಕತ್ತು ಹಾಕಿ ನನ್ನತ್ತ ನೋಡಿದಳು. ಆ ನೋಟದ ಅರ್ಥ, ಜೀವಮಾನದಲ್ಲಿ ಒಮ್ಮೆಯಾದರೂ ಉಪಯೋಗಕ್ಕೆ ಬರುವುದನ್ನು ಬರೆಯಿರಿ ಎಂದು.

ನಾನು ಮೂರು ಪುಟದ ಮನವಿ ಬರೆದೆ. ಆಡಳಿತಾಧಿಕಾರಿ ಅದನ್ನು ಓದಲು ತೆಗೆದುಕೊಂಡ ಹನ್ನೊಂದು ಸೆಕೆಂಡುಗಳನ್ನು ವಾಚಿನಲ್ಲಿ ನೋಡಿಕೊಂಡು ವಾಪಸು ಕೊಟ್ಟರಂತೆ.

ಅದೇ ಹೊತ್ತಿಗೆ ದೆಹಲಿಯಿಂದ ಒಂದು ಸುತ್ತೋಲೆ ಬಂತು. ನೋವು ನಿವಾರಣೆಯಲ್ಲಿ ಸಮ್ಮೋಹನ ವಿದ್ಯೆಯ ಬಳಕೆ ಕುರಿತು ಸರ್ಕಾರ ಸಂಶೋಧನೆ ನಡೆಸಲಿದೆ, ಅದಕ್ಕೆ ತಜ್ಞ ಸಲಹೆಗಾರರು ಬೇಕು, ಪ್ರತಿ ಆಸ್ಪತ್ರೆಯೂ ಕನಿಷ್ಠ ಒಂದು ಹೆಸರು ಕಳಿಸತಕ್ಕದ್ದು, ಯಾರೂ ಇಲ್ಲ ಎಂಬ ಉತ್ತರವನ್ನು ಸ್ವೀಕರಿಸಲಾಗುವುದಿಲ್ಲ. ಮನೋರೋಗದ ಡಾಕ್ಟರುಗಳು ತಮಗೆ ಪುರುಸೊತ್ತಿಲ್ಲವೆಂದರು. ಸುತ್ತೋಲೆ ಮೇಜಿಂದ ಮೇಜಿಗೆ ಅಲೆದು, ಕೊನೆಯ ದಿನದ ಹಿಂದಿನ ದಿನ ಡ್ರೆಸ್ಸಿಂಗ್ ರೂಮಿಗೆ ತಲುಪಿತು. ಸಿಸ್ಟರ್ ಅನುರಾಧಾ ಅದನ್ನು ಎರಡು ಸಲ ಓದಿ, "ಮಾಮಾ, ಇದು ನೀವೇ" ಎಂದರು. ಹೆಸರು ಸಿಕ್ಕಿದರೆ ಸಾಕಾಗಿದ್ದ ಆಫೀಸಿನವರು ಠಸ್ಸೆ ಒತ್ತಿದರು.

ಸಲಹೆಗಾರನಾದರೆ ಡ್ರೆಸ್ಸಿಂಗ್ ರೂಮಿನಿಂದ ಕದಲಿಸುವಂತಿಲ್ಲವೆಂದು ಸಿಸ್ಟರ್ ಅವರ ಲೆಕ್ಕಾಚಾರ. ಮಾಮಾಗೆ ಮಾತ್ರ ಧೈರ್ಯವಿರಲಿಲ್ಲ.

"ಹಿಪ್ನಾಟಿಸಮ್ ಅಂದ್ರ ವಶೀಕರಣ ಅಲ್ರೀ ಸರ? ಲೋಕಲ್ ಗಾಡ್ಯಾಗ ಬಾಬಾಗೋಳು ಕಾಗದಾ ಹಚ್ಚಿರ್ತಾರಲ್ಲ?"

"ಅದು ಬೇರೆ, ಇದು ವಿಜ್ಞಾನ," ಎಂದೆ ನಾನು, ಎರಡರ ಬಗ್ಗೆಯೂ ಏನೂ ತಿಳಿಯದೆ.

ಅರ್ಜಿ ಹನ್ನೆರಡು ಪುಟದ್ದು. ಸಮ್ಮೋಹನಕ್ಕೆ ಬಳಸುವ ಸಾಧನ ಎಂಬಲ್ಲಿ "ಸ್ಟೂಲು" ಎಂದು ಬರೆದೆವು. ಸಮ್ಮೋಹನಕ್ಕೆ ಒಳಗಾದವರ ಸಂಖ್ಯೆ ಎಂಬಲ್ಲಿ ಮಾಮಾ, "ಒಬ್ರೂ ಇಲ್ಲಂತ ಬರೀರಿ, ನಾ ಬರೇ ದಾರಿ ಕೇಳೀನಿ" ಎಂದು ಹಟ ಹಿಡಿದರು. ಇಪ್ಪತ್ತಾರು ವರ್ಷ, ದಿನಕ್ಕೆ ಮೂವತ್ತು ಜನ ಎಂದು ಗುಣಿಸಿ ನಾನೇ ಒಂದು ಸಂಖ್ಯೆ ತುಂಬಿದೆ. ಅದು ಒಂದು ತಾಲೂಕಿನ ಜನಸಂಖ್ಯೆಯಷ್ಟಿತ್ತು. ಪ್ರಕಟವಾದ ಸಂಶೋಧನೆ ಎಂಬಲ್ಲಿ, ಹಿಂದೊಮ್ಮೆ ಮಾಮಾ ಕುರಿತು ನಾನು ಬರೆದಿದ್ದ ಹಾಸ್ಯಲೇಖನವನ್ನೇ ಲಗತ್ತಿಸಿದೆ. ಅದನ್ನು ಹಾಸ್ಯವೆಂದು ಯಾರೂ ಗುರುತಿಸಲಾರರೆಂಬ ಭರವಸೆ ನನಗಿತ್ತು.

ಲಗತ್ತುಗಳೆಲ್ಲ ಸೇರಿ ನಲವತ್ತು ಹಾಳೆ. ಅವನ್ನು ಒಟ್ಟಿಗೆ ಹಿಡಿದು ದೊಡ್ಡ ಸ್ಟೇಪ್ಲರ್ ಒತ್ತಿದಾಗ ಪಿನ್ನು ಹಾಳೆಗಳನ್ನು ಬಿಟ್ಟು ನನ್ನ ಹೆಬ್ಬೆರಳನ್ನು ಹೊಕ್ಕಿತು. ಮೂರು ದಿನ ಯಾರಿಗೂ ಹೇಳದೆ ಇಟ್ಟುಕೊಂಡೆ. ನಾಲ್ಕನೆಯ ದಿನ ಬೆರಳು ಬಟಾಟೆವಡೆಯಂತೆ ಊದಿತು. ವಿನೋದಿನಿ ನನ್ನನ್ನು ಎಳೆದುಕೊಂಡು ಹೋದಳು. ಡಾಕ್ಟರು ಮರಗಟ್ಟಿಸುವ ಸೂಜಿ ಕೊಟ್ಟು ಕೀವು ತೆಗೆದರು. ಮೂರು ದಿನ ಬಿಟ್ಟು ಡ್ರೆಸ್ಸಿಂಗಿಗೆ ಬರಲು ಹೇಳಿದರು. ಆ ದಿನವೇ ಬೆಳಗ್ಗೆ ಹನ್ನೊಂದಕ್ಕೆ ಅಂಧೇರಿಯಲ್ಲಿ ಮಾಮಾ ಅವರ ಸಂದರ್ಶನವೆಂದು ಕರೆ ಬಂದಿತ್ತು.

"ಸಾಮಾನು ಬ್ಯಾಗಿನಲ್ಲಿ ಹಾಕಿಕೊಂಡು ಬರ್ತೇನೆ, ಅಲ್ಲೇ ಎಲ್ಲಾದರೂ ಮಾಡಿಬಿಡೋಣ," ಎಂದರು ಸಿಸ್ಟರ್. ಅವರು ಆಸ್ಪತ್ರೆಯ ಪ್ರತಿನಿಧಿ, ಇಂಗ್ಲಿಷಿನಲ್ಲಿ ಕೇಳಿದರೆ ಇರಲೆಂದು ನಾನು ದುಭಾಷಿ.

ಇಷ್ಟರಲ್ಲಿ ಸುದ್ದಿ ಮಾಮಾ ಇರುವ ಚಾಳಿನ ಮನೆಮನೆಗೂ ಹರಡಿತ್ತು. ಅವರ ಹೆಂಡತಿ ಕಸ್ತೂರಿಬಾಯಿ ನನಗೆ ಫೋನು ಮಾಡಿದರು. "ಏನ್ ಹಚ್ಚೀರಿ ಸರ ನೀವು? ಮುಂಜಾನಿಂದ ನಾಕ್ ಮಂದಿ ಹೆಣ್ಮಕ್ಳು ಬಂದು ಗಂಡನ ಕುಡಿಯೂದ ಬಿಡಸ್ರಿ ಅಂತ ಕುಂತಾರ. ಇಪ್ಪತ್ತೆಂಟ ವರ್ಷದಾಗ ಇವ್ರು ನನ್ನ ಮಾತ ಒಂದ್ ದಿನಾ ಕೇಳಿಲ್ಲ, ನಾ ಇವ್ರ ಮಾತ ಕೇಳಿಲ್ಲ. ಇಂಥವ್ರು ಮಂದೀನ ವಶಾ ಮಾಡ್ತಾರ?"

ಸಂದರ್ಶನಕ್ಕೆ ಮಾಮಾ ತಜ್ಞರಂತೆ ಕಾಣಬೇಕೆಂದು ನನ್ನ ಮದುವೆಯ ಕಪ್ಪು ಕೋಟು ಕೊಟ್ಟೆ. ಅದರ ತೋಳು ಅವರ ಮೊಣಕೈಗಿಂತ ನಾಲ್ಕು ಬೆರಳು ಕೆಳಗೆ ನಿಂತಿತು. "ನಿಮ್ಮ ಕಣ್ಣುಗಳು ಭಾರವಾಗುತ್ತಿವೆ" ಎಂದು ಗಂಭೀರವಾಗಿ ಹೇಳುವುದನ್ನೂ ಕಲಿಸಿದೆ. ಅಂಧೇರಿಗೆ ಹೋಗುವ ರೈಲಿನಲ್ಲಿ ಅವರು ಅದನ್ನು ಬಾಯಿಪಾಠ ಮಾಡುತ್ತಿದ್ದಾಗ ಎದುರಿಗಿದ್ದವನೊಬ್ಬ ಎದ್ದು ಬೇರೆ ಕಡೆ ಹೋಗಿ ನಿಂತ.

ಅಂಧೇರಿಯ ಆ ಕಚೇರಿಯ ಪಡಸಾಲೆಯಲ್ಲಿ ಎಂಟು ಮಂದಿ ಸಮ್ಮೋಹಕರು ಕಾಯುತ್ತಿದ್ದರು. ಅಷ್ಟು ಶಾಂತವಾದ ಸರ್ಕಾರಿ ಪಡಸಾಲೆಯನ್ನು ನಾನು ಕಂಡಿಲ್ಲ. ಯಾರೂ ಯಾರ ಕಣ್ಣನ್ನೂ ನೋಡುತ್ತಿರಲಿಲ್ಲ. ಎಲ್ಲರೂ ನೆಲ ನೋಡುತ್ತ, ಫೋನು ನೋಡುತ್ತ ಕೂತಿದ್ದರು. ಮಖಮಲ್ಲಿನ ಕೋಟಿನವನೊಬ್ಬ ತನ್ನ ಜೊತೆಗೆ ನಿದ್ದೆ ಹೋಗುವ ಮನುಷ್ಯನನ್ನೂ ಕರೆತಂದಿದ್ದ. ಒಳಗೆ ಅವನ ಪ್ರಾತ್ಯಕ್ಷಿಕೆ ಚೆನ್ನಾಗಿಯೇ ಆಗಿರಬೇಕು. ಹೊರಗೆ ಬಂದು ಅರ್ಧ ಗಂಟೆಯಾದರೂ ಆ ಮನುಷ್ಯನನ್ನು ಎಬ್ಬಿಸುತ್ತಿದ್ದರು.

ಒಳಗೆ ಮೂವರು. ಅಧ್ಯಕ್ಷರು ನಿವೃತ್ತ ಡಾಕ್ಟರು, ಬಕ್ಕತಲೆ, ಕುರ್ಲಾದವರು. ಇನ್ನೊಬ್ಬರು ಮನಶ್ಶಾಸ್ತ್ರದ ಪ್ರೊಫೆಸರಮ್ಮ, ಮಾಟುಂಗದವರು. ಮೂರನೆಯವರು ದೆಹಲಿಯಿಂದ ಬಂದ ಅಧಿಕಾರಿ. ಮಾತುಕತೆ ನಡೆದದ್ದು ಮುಂಬಯಿಯ ಹಿಂದಿಯಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತೇನೆ.

"ಮಾಡಿ ತೋರಿಸಿ," ಎಂದರು ಅಧ್ಯಕ್ಷರು.

ಮಾಮಾ ಕೈಕಟ್ಟಿ ನಿಂತರು. "ಗಾಯ ಎಲ್ಲಿದೆ ಸಾಹೇಬರೆ?"

"ಗಾಯ ಯಾಕೆ?"

"ಗಾಯ ಇಲ್ಲದೆ ನಾನು ಯಾವತ್ತೂ ಮಾಡಿಲ್ಲ."

"ಗಾಯ ಇದೆ ಅಂತ ಕಲ್ಪಿಸಿಕೊಳ್ಳಿ," ಎಂದರು ಪ್ರೊಫೆಸರಮ್ಮ.

"ಇಲ್ಲದ ಗಾಯ ನೋಯುವುದಿಲ್ಲ ಮೇಡಂ. ನೋಯದೆ ಇದ್ದದ್ದನ್ನು ಮರೆಸುವುದು ಹೇಗೆ?"

ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೂವರೂ ಆರೋಗ್ಯವಾಗಿದ್ದರು. ಆಗ ಸಿಸ್ಟರ್ ಅನುರಾಧಾ ಮುಂದೆ ಬಂದು, "ಇವರ ಹೆಬ್ಬೆರಳಿದೆ" ಎಂದು ನನ್ನ ಕೈ ಹಿಡಿದು ಎತ್ತಿದರು.

ಮಾಮಾ ಅವರ ಮುಖ ಸಪ್ಪಗಾಯಿತು. ಕನ್ನಡದಲ್ಲಿ ಪಿಸುಗುಟ್ಟಿದರು: "ಸರ, ನಿಮ್ಮನ್ನ ಬಿಟ್ಟು ಬ್ಯಾರೆ ಯಾರ ಬೆರಳಾದ್ರೂ ನಡೀತಿತ್ತಲ್ರಿ."

ನನಗೂ ಅದೇ ಅನಿಸಿತ್ತು. ಒಂದನೇ ತಾರೀಖಿಗೆ ಇನ್ನು ಮೂರೇ ದಿನ. ಮಾಮಾ ಅವರ ಭವಿಷ್ಯವೆಲ್ಲ ಈಗ ಊರಿಲ್ಲದ ಒಬ್ಬ ಪುಕ್ಕಲನ ಹೆಬ್ಬೆರಳ ಮೇಲೆ ನಿಂತಿತ್ತು. ನಾನು ಕೂಗಿದೆನೆಂದರೆ ಅವರು ನೆಲಮಾಳಿಗೆಗೆ ಹೋದ ಹಾಗೇ. ಕೂಗದೆ ಇರುವುದು ನನ್ನ ಕೈಯಲ್ಲಿರಲಿಲ್ಲ.

ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಸಿಸ್ಟರ್ ಮೇಜಿನ ಮೇಲೆ ತಟ್ಟೆ ಇಟ್ಟರು. ಮಾಮಾ ಕಲಿತ ಪಾಠ ಒಪ್ಪಿಸಿದರು: "ನಿಮ್ಮ ಕಣ್ಣುಗಳು ಭಾರವಾಗುತ್ತಿವೆ." ನನ್ನ ಕಣ್ಣುಗಳು ಚಿಮಟದ ಮೇಲಿದ್ದವು, ಭಾರವಾಗುವುದಿರಲಿ, ಹೊರಗೆ ಬರುವಂತಿದ್ದವು.

"ಭಾರ ಆದುವೇನ್ರಿ?"

"ಇಲ್ಲ ಮಾಮಾ."

ಅವರು ಕೋಟು ಕಳಚಿ ಕುರ್ಚಿಗೆ ಹಾಕಿದರು. ಇನ್ನೊಂದು ಕುರ್ಚಿ ಎಳೆದುಕೊಂಡು ನನ್ನ ತಲೆಯ ಬಳಿ ಕೂತರು. ತುಸು ಯೋಚಿಸಿ, ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲೇ ಕೇಳಿದರು.

"ಸಯನ್ ಬ್ರಿಜ್ ಒಡೆದಿದ್ದಾರಲ್ಲ ಸರ? ಹೊಸದು ಇನ್ನೂ ಕಟ್ಟುತ್ತಿದ್ದಾರೆ. ಈಗ ಮನೆಗೆ ಹೇಗೆ ಹೋಗುತ್ತೀರಿ?"

"ಸ್ಟೇಷನ್ನಿನ ಮೆಟ್ಟಿಲು ಹತ್ತಿ ಇಳಿಯುತ್ತೇನೆ."

"ವೈನಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ. ಟ್ಯಾಕ್ಸಿಯಲ್ಲಿ ಇಬ್ಬರೂ ಕೂತಿದ್ದೀರಿ. ಸಯನ್ ಸರ್ಕಲ್ ಬಂತು. ಈಗ ಹೇಳಿ."

ಈಗ ಹೇಳಿ ಎಂದರೆ ಏನು ಹೇಳಲಿ! ಆ ಸುತ್ತುದಾರಿಯ ಮೇಲೆ ನನಗೆ ಹಳೆಯ ಸಿಟ್ಟಿತ್ತು. "ಸರ್ಕಲ್‌ನಿಂದ ನೇರ ಸಯನ್ ಆಸ್ಪತ್ರೆಯ ಸಿಗ್ನಲ್ಲಿಗೆ ಬರಬೇಕು," ಎಂದೆ. "ಅಲ್ಲೇ ಒಂದು ಜನ್ಮ ಕಳೆಯುತ್ತದೆ. ಹಸಿರು ಬಿದ್ದರೂ ಮುಂದಿನವನು ಹೋಗುವುದಿಲ್ಲ."

"ಯಾಕೆ ಹೋಗುವುದಿಲ್ಲ?"

"ಅಡ್ಡ ಬಸ್ಸು ನಿಂತಿರುತ್ತದೆ. ಆಮೇಲೆ ಬಲಕ್ಕೆ ತಿರುಗಿ ಧಾರಾವಿ ಕಡೆ."

"ಬಲಕ್ಕೆ ಯಾಕೆ ತಿರುಗುತ್ತೀರಿ?" ಎಂದರು ಅಧ್ಯಕ್ಷರು ಮುಂದೆ ಬಾಗಿ. "ಕುರ್ಲಾ ಮೇಲಿಂದ ಸುತ್ತಿ ಬನ್ನಿ, ರಸ್ತೆ ಖಾಲಿ."

"ಕುರ್ಲಾ ಖಾಲಿಯೆ?" ಪ್ರೊಫೆಸರಮ್ಮ ಪೆನ್ನು ಕೆಳಗಿಟ್ಟರು. "ಎಷ್ಟು ಗಂಟೆಗೆ ಖಾಲಿ? ನಾನು ದಿನಾ ಓಡಾಡುವವಳು. ಧಾರಾವಿಯೇ ಸರಿ. ಆದರೆ ಅರವತ್ತಡಿ ರಸ್ತೆ ಹಿಡಿಯಬಾರದು, ತೊಂಬತ್ತಡಿ ಹಿಡಿಯಬೇಕು."

"ತೊಂಬತ್ತಡಿಯಲ್ಲಿ ಸಂಜೆ ಕೈಗಾಡಿಗಳಿರುತ್ತವೆ ಮೇಡಂ," ಎಂದೆ ನಾನು.

"ಅದಕ್ಕೇ ಕುಂಬಾರವಾಡಾಕ್ಕೆ ಮೊದಲೇ ಒಳಗೆ ನುಗ್ಗಬೇಕು!"

"ಒಳಗೆ ಟ್ಯಾಕ್ಸಿ ಹಿಡಿಸುತ್ತದೆಯೆ?" ಎಂದು ಮಾಮಾ ಮೆಲ್ಲಗೆ ಒಂದು ಸಂಶಯ ಹಾಕಿದರು.

"ಹಿಡಿಸುತ್ತದೆ!" "ಹಿಡಿಸುವುದಿಲ್ಲ!" ಅಧ್ಯಕ್ಷರು ಹಾಳೆ ಎಳೆದುಕೊಂಡು ನಕ್ಷೆ ಬರೆಯಲು ಶುರು ಮಾಡಿದರು. ಪ್ರೊಫೆಸರಮ್ಮ ಅವರ ಕೈಯಿಂದ ಪೆನ್ಸಿಲು ಕಿತ್ತುಕೊಂಡು ಧಾರಾವಿಯ ಲೇಬರ್ ಕ್ಯಾಂಪ್ ಬಡಾವಣೆಯನ್ನು ಸರಿಯಾದ ಜಾಗಕ್ಕೆ ತಂದಿಟ್ಟರು. ಲೇಬರ್ ಕ್ಯಾಂಪ್ ಅಲ್ಲಿ ಬರುವುದಿಲ್ಲವೆಂದು ನಾನು ಎದ್ದು ನಿಲ್ಲಲು ಹೋದೆ. ಯಾರೋ ನನ್ನ ಕೈ ಹಿಡಿದು ಕೂರಿಸಿದರು. ದೆಹಲಿಯ ಅಧಿಕಾರಿ ಆ ತನಕ ಸುಮ್ಮನಿದ್ದು, ನಕ್ಷೆಯಲ್ಲಿ ಬೆರಳಿಟ್ಟು, "ಇಷ್ಟು ಕಷ್ಟ ಯಾಕೆ? ಬ್ರಿಜ್ ಮೇಲಿಂದಲೇ ಹೋಗಬಹುದಲ್ಲ?" ಎಂದರು.

ನಾವು ಮೂವರೂ ಅವರ ಮೇಲೆ ಒಟ್ಟಿಗೆ ಬಿದ್ದೆವು. ಬ್ರಿಜ್ ಇಲ್ಲ ಸಾಹೇಬರೆ, ಬ್ರಿಜ್ ಇಲ್ಲದ್ದಕ್ಕೇ ಇಷ್ಟೆಲ್ಲ ಎಂದು ವಿವರಿಸಿ, ಅವರನ್ನು ಮತ್ತೆ ಸಯನ್ ಸರ್ಕಲ್‌ಗೆ ಕರೆತಂದು, ಮೊದಲಿಂದ ಹೊರಡಿಸಿ, ಈ ಸಲ ಎಲ್ಲರೂ ಒಪ್ಪಿದ ದಾರಿಯಲ್ಲಿ ಒಬ್ಬೊಬ್ಬರೇ ತಿರುವು ಹೇಳುತ್ತ ನಮ್ಮ ಬಿಲ್ಡಿಂಗಿನ ಗೇಟಿಗೆ ತಂದು ನಿಲ್ಲಿಸಿದೆವು. ಅಧ್ಯಕ್ಷರು ಕುರ್ಚಿಗೆ ಒರಗಿ ಉಸಿರು ಬಿಟ್ಟರು. "ಅಂತೂ ತಲುಪಿದೆವು. ಸರಿ, ಇನ್ನು ಪ್ರಾತ್ಯಕ್ಷಿಕೆ ತೋರಿಸಿ."

"ಆಯಿತಲ್ಲ ಸರ್," ಎಂದರು ಸಿಸ್ಟರ್ ಅನುರಾಧಾ. ಅವರು ಬ್ಯಾಗಿನ ಜಿಪ್ ಎಳೆಯುತ್ತಿದ್ದರು.

ನಾನು ಕೆಳಗೆ ನೋಡಿದೆ. ಹೆಬ್ಬೆರಳಿಗೆ ಹೊಸ ಬಿಳಿ ಪಟ್ಟಿ. ಹಳೆಯದು ತಟ್ಟೆಯಲ್ಲಿ ಬಿದ್ದಿತ್ತು. ಅದನ್ನು ನೋಡಿದ ಮೇಲೆ ನನಗೆ ತಲೆ ಸುತ್ತಿತು.

ಅಧ್ಯಕ್ಷರು ನನ್ನ ಬೆರಳನ್ನು ತಿರುಗಿಸಿ ನೋಡಿದರು. "ಯಾವಾಗ ಆಯಿತಿದು?"

"ನೀವು ಲೇಬರ್ ಕ್ಯಾಂಪ್ ಹತ್ತಿರ ಇದ್ದಾಗ," ಎಂದರು ಸಿಸ್ಟರ್.

ಪ್ರೊಫೆಸರಮ್ಮ ಮೆಲ್ಲಗೆ ಪೆನ್ಸಿಲು ಕೆಳಗಿಟ್ಟರು. ಮಾಮಾ ನನ್ನ ಕೋಟನ್ನು ಮಡಿಚಿ ಕೈಯಲ್ಲಿ ಹಿಡಿದು, ತಪ್ಪು ಮಾಡಿದವರಂತೆ ನಿಂತಿದ್ದರು.

ಮೂವತ್ತನೆಯ ತಾರೀಖು ಮಧ್ಯಾಹ್ನ ಆಸ್ಪತ್ರೆಗೆ ಪತ್ರ ಬಂತು. ಸಿಸ್ಟರ್ ಅದರ ಫೋಟೋ ತೆಗೆದು ನನಗೆ ಕಳಿಸಿದರು. ದೆಹಲಿಯ ಅಧಿಕಾರಿ ಬರೆದದ್ದು, ಸುಳ್ಳಿಲ್ಲದ ಪತ್ರ. ಶ್ರೀ ಅಣವೀರಪ್ಪನವರ ಪ್ರಾತ್ಯಕ್ಷಿಕೆಯು ಸಮಿತಿಯ ಎದುರಿನಲ್ಲಿಯೇ ನಡೆದಿರುತ್ತದೆ. ಆದರೆ ಸದಸ್ಯರಲ್ಲಿ ಯಾರೂ ಅದನ್ನು ನೋಡಿರುವುದಿಲ್ಲ. ಆದ್ದರಿಂದ ಅವರನ್ನು ಆಯ್ಕೆ ಮಾಡಲೂ ತಿರಸ್ಕರಿಸಲೂ ಸಾಧ್ಯವಾಗಿರುವುದಿಲ್ಲ. ಮರುಪ್ರಾತ್ಯಕ್ಷಿಕೆಯವರೆಗೆ ವಿಷಯವು ಪರಿಶೀಲನೆಯಲ್ಲಿರುತ್ತದೆ, ಅಲ್ಲಿಯವರೆಗೆ ಸದರಿಯವರನ್ನು ಈಗಿರುವ ಜಾಗದಿಂದ ಕದಲಿಸತಕ್ಕದ್ದಲ್ಲ.

ಆಡಳಿತಾಧಿಕಾರಿ ಆದೇಶ ಹಿಂತೆಗೆದುಕೊಂಡರು. ಬೇಸರದಲ್ಲೇ ಮತ್ತೊಮ್ಮೆ ಡ್ರೆಸ್ಸಿಂಗ್ ರೂಮಿಗೆ ಬಂದು ಅಳೆಯಲು ಕೂತರಂತೆ. ಮಾಮಾ, "ಸಾಹೇಬರ ಗಾವ್ ಯಾವುದು?" ಎಂದರಂತೆ. ರತ್ನಾಗಿರಿ ಕಡೆ, ದೋಣಿಯಲ್ಲಿ ಖಾಡಿ ದಾಟಿ ಹೋಗಬೇಕು, ಎಂದು ಅವರು ಶುರು ಮಾಡಿದರಂತೆ. ವಾಚು ಒತ್ತುವುದನ್ನು ಮರೆತು ಊಟದ ಹೊತ್ತಿಗೆ ಎದ್ದು ಹೋದರಂತೆ.

ಮರುಪ್ರಾತ್ಯಕ್ಷಿಕೆಯ ತಾರೀಖು ಈವರೆಗೆ ಮೂರು ಸಲ ಮುಂದೆ ಹೋಗಿದೆ. ಹೋಲಿಕೆಗೆ ಅನುಕೂಲವಾಗಲೆಂದು ಅದೇ ರೋಗಿ, ಅದೇ ಬಗೆಯ ಗಾಯ ಬೇಕೆಂದು ಸಮಿತಿ ಬರೆದಿದೆ. ನನ್ನ ಬೆರಳು ಎಂದೋ ವಾಸಿಯಾಗಿದೆ. ಸ್ಟೇಪ್ಲರನ್ನು ನಾನು ಕಪಾಟಿನ ಮೇಲಿಟ್ಟೆ. ವಿನೋದಿನಿ ಮತ್ತೆ ಮೇಜಿಗೆ ತಂದಿಟ್ಟಿದ್ದಾಳೆ.

ಮೊನ್ನೆ ಭಾನುವಾರ ಮಾಮಾ ಫೋನು ಮಾಡಿದ್ದರು.

"ಬೆರಳ ಹ್ಯಾಂಗೈತ್ರಿ ಸರ?"

"ಚೆನ್ನಾಗಿದೆ ಮಾಮಾ."

"ಹೌದಾ," ಎಂದರು, ಸ್ವಲ್ಪ ನಿರಾಸೆಯಿಂದ. "ಗಡಬಡಿ ಏನಿಲ್ರಿ. ಆದ್ರ ನಿಮಗ ಏನರೆ ಆಗೂದಿದ್ರ ಬ್ರಿಜ್ ಚಾಲೂ ಆಗೂದ್ರೊಳಗ ಆಗ್ಲಿ. ಆಮ್ಯಾಲ ನಿಮ್ಮ ದಾರಿ ಐದ ನಿಮಿಷದ್ದು. ಐದ ನಿಮಿಷದಾಗ ಸಿಸ್ಟರಗ ಕತ್ತರಿನೂ ಸಿಗೂದಿಲ್ಲ."